ಎಂಟನೇ ತಿಂಗಳ ನಡನೋವಿಗೆ ಯಾವ ಗುಳಿಗೆ?

"ನಡಾ ಭಾಳ ನೋಯ್ಲಕತ್ತದ, ಎರಡು ನೋವಿನ ಗುಳಿಗಿ ಕೊಡ್ರಿ." ಹುಮನಾಬಾದ್ ಇರಲಿ, ಬಸವಕಲ್ಯಾಣ ಇರಲಿ, ಮೆಡಿಕಲ್ ಅಂಗಡಿಯ ಕಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಕೇಳುವವನು ಗಂಡ, ಇಲ್ಲವೇ ಅತ್ತೆ, ಇಲ್ಲವೇ ಪೇಟೆಗೆ ಹೊರಟ ಪಕ್ಕದ ಮನೆಯ ಹುಡುಗ. ನುಂಗುವವಳು ಘಾಟಬೋರಾಳದ ಮನೆಯಲ್ಲಿ ಗೋಡೆಗೆ ಒರಗಿ ಕುಳಿತ ಎಂಟು ತಿಂಗಳ ಬಸುರಿ ಆಗಿರಬಹುದು. ಅಂಗಡಿಯವನಿಗೆ ಅದು ಗೊತ್ತಿಲ್ಲ, ಯಾರೂ ಹೇಳಿಲ್ಲ. ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟಾಗ ಔಷಧದ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ.

ಗರ್ಭಿಣಿಯ ನೋವಿನ ವಿಷಯದಲ್ಲಿ ಬಹುಪಾಲು ತೊಂದರೆ ಹುಟ್ಟುವುದು ಈ ಹೆಸರಿಲ್ಲದ ಗುಳಿಗೆಯಿಂದ. ಎರಡನೆಯ ತೊಂದರೆ ಮೌನದ್ದು. ನುಂಗಿದ್ದನ್ನು ವೈದ್ಯರಿಗೆ ಹೇಳಿದರೆ ಬೈದಾರು, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೇನು ಎಂಬ ಅಂಜಿಕೆಯಿಂದ ಹೆಂಗಸರು ಸುಮ್ಮನಾಗುತ್ತಾರೆ. ಈ ಎರಡೂ ಅಂಜಿಕೆಗಳನ್ನು ಬಿಡಿಸಿ ನೋಡಬೇಕಾದದ್ದು ಬಸುರಿಯಷ್ಟೇ ಅಲ್ಲ, ಅವಳಿಗಾಗಿ ಗುಳಿಗೆ ತರಲು ಹೋಗುವವರೂ ಸಹ.

ಕೊನೆಯ ಮೂರು ತಿಂಗಳಲ್ಲಿ ನೋವು ಬರುವುದು ಸಹಜ. ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ. ಹೆರಿಗೆಗೆ ದಾರಿ ಮಾಡಲು ಹಾರ್ಮೋನುಗಳು ಸೊಂಟದ ಕೀಲುಗಳ ಬಿಗಿಯನ್ನು ಸಡಿಲಿಸುತ್ತವೆ. ಅದರ ಮೇಲೆ ತೊಗರಿ, ಸೋಯಾ ಹೊಲದಲ್ಲಿ ಬಗ್ಗಿ ಕಳೆ ಕೀಳುವುದು, ಕೊಡ ಹೊರುವುದು, ನೆಲದಲ್ಲಿ ಕೂತು ರೊಟ್ಟಿ ಬಡಿಯುವುದು ಎಲ್ಲ ಮುಂದುವರಿದಿರುತ್ತದೆ. ಕುಬಸ ಮುಗಿಸಿ ತವರಿಗೆ ಬಂದ ಮೇಲಷ್ಟೇ ಅನೇಕರಿಗೆ ವಿಶ್ರಾಂತಿ ಸಿಗುವುದು. ಹೀಗಾಗಿ "ಬಸುರಿಗೆ ನೋವು ಇದ್ದದ್ದೇ, ತಡಕೋ" ಎನ್ನುವುದು ನ್ಯಾಯವಲ್ಲ. ನೋವಿಗೆ ಔಷಧ ಇದೆ, ಆದರೆ ಯಾವುದು ಎಂಬುದು ಮುಖ್ಯ.

ಪಟ್ಟಿಯ ಹಿಂಬದಿ ಓದುವುದು

ನೋವಿನ ಗುಳಿಗೆಗಳಲ್ಲಿ ದೊಡ್ಡದೊಂದು ಗುಂಪಿದೆ: ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಮಿಕ್ ಆಮ್ಲ, ನಿಮೆಸುಲೈಡ್, ನ್ಯಾಪ್ರೊಕ್ಸೆನ್. ಇವೆಲ್ಲ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ತಡೆದು ನೋವು, ಬಾವು ಇಳಿಸುತ್ತವೆ. ಗರ್ಭದಲ್ಲಿರುವ ಮಗುವಿಗೆ ಅದೇ ರಾಸಾಯನಿಕ ಬೇಕು. ಮಗು ಒಳಗಿದ್ದಾಗ ಗಾಳಿ ಉಸಿರಾಡುವುದಿಲ್ಲವಾದ್ದರಿಂದ ರಕ್ತವು ಶ್ವಾಸಕೋಶವನ್ನು ತಪ್ಪಿಸಿ ಸಾಗಲು ಹೃದಯದ ಹತ್ತಿರ ಒಂದು ಕಿರು ರಕ್ತನಾಳ ತೆರೆದಿರುತ್ತದೆ. ಅದು ತೆರೆದೇ ಇರಲು ಪ್ರೊಸ್ಟಾಗ್ಲ್ಯಾಂಡಿನ್ ಕಾರಣ. ಏಳನೇ ತಿಂಗಳ ನಂತರ ತಾಯಿ ಈ ಗುಂಪಿನ ಗುಳಿಗೆ ನುಂಗಿದರೆ ಹುಟ್ಟಿದ ಮೇಲೆ ಮುಚ್ಚಬೇಕಾದ ಆ ನಾಳ ಗರ್ಭದಲ್ಲೇ ಕಿರಿದಾಗಬಹುದು, ಮುಚ್ಚಲೂಬಹುದು.

ಇನ್ನೊಂದು ಅಪಾಯ ನೀರಿನದು. ಐದನೇ ತಿಂಗಳ ನಂತರ ಮಗುವಿನ ಸುತ್ತ ಇರುವ ನೀರಿನ ಹೆಚ್ಚಿನ ಭಾಗ ಮಗುವಿನ ಮೂತ್ರವೇ. ಈ ಔಷಧಗಳು ಮಗುವಿನ ಮೂತ್ರಪಿಂಡದ ಕೆಲಸವನ್ನು ಕುಗ್ಗಿಸಿದಾಗ ಆ ನೀರು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಅಕ್ಟೋಬರಿನಲ್ಲಿ ತನ್ನ ಎಚ್ಚರಿಕೆಯನ್ನು ಬಿಗಿ ಮಾಡಿ, 20 ವಾರ ತುಂಬಿದ ಮೇಲೆ ಈ ಗುಂಪನ್ನು ವೈದ್ಯರು ಹೇಳದ ಹೊರತು ತೆಗೆದುಕೊಳ್ಳಬಾರದು ಎಂದಿತು. ಅನಿವಾರ್ಯವಾಗಿ ಎರಡು ದಿನಕ್ಕಿಂತ ಹೆಚ್ಚು ಕೊಡಬೇಕಾದರೆ ಸ್ಕ್ಯಾನಿಂಗ್‌ನಲ್ಲಿ ನೀರಿನ ಪ್ರಮಾಣ ನೋಡುವುದನ್ನು ಯೋಚಿಸಬೇಕು ಎಂದೂ ಸೂಚಿಸಿತು. ಹಾಗೆಂದು ಒಮ್ಮೆ ತಿಳಿಯದೆ ಒಂದು ಗುಳಿಗೆ ನುಂಗಿದವಳು ಹೌಹಾರಬೇಕಿಲ್ಲ. ಅಪಾಯ ಏರುವುದು ದಿನಗಟ್ಟಲೆ ನುಂಗಿದಾಗ. ನಿಲ್ಲಿಸಿ, ಮುಂದಿನ ತಪಾಸಣೆಗೆ ಕಾಯದೆ ಹೇಳಿದರೆ ಸಾಕು. ಔಷಧ ಬಿಟ್ಟ ಮೇಲೆ ಕಡಿಮೆಯಾದ ನೀರು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ.

ಇಲ್ಲಿ ಪಟ್ಟಿಯ ಹಿಂಬದಿ ಓದುವುದು ಉಪಯೋಗಕ್ಕೆ ಬರುತ್ತದೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಜೆರೋಡಾಲ್-ಪಿ ಎಂದರೆ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. ವೊವೆರಾನ್ ಡೈಕ್ಲೋಫೆನಾಕ್. ಮುಟ್ಟಿನ ನೋವಿಗೆಂದು ತಂದಿಟ್ಟ ಮೆಫ್ಟಾಲ್-ಸ್ಪಾಸ್ ಎಷ್ಟೋ ಮನೆಗಳ ಡಬ್ಬಿಯಲ್ಲಿರುತ್ತದೆ, ಅದರಲ್ಲಿರುವುದು ಮೆಫೆನಮಿಕ್ ಆಮ್ಲ. ಕಿಬ್ಬೊಟ್ಟೆ ಹಿಡಿದಾಗ ಹಳೆಯ ರೂಢಿಯಂತೆ ಬಸುರಿಯ ಕೈ ಅದಕ್ಕೇ ಹೋಗುತ್ತದೆ. "ಪ್ಯಾರಾಸಿಟಮಾಲ್ ಇದೆಯಲ್ಲ, ನಡೆಯುತ್ತದೆ" ಎಂಬ ಸಮಾಧಾನ ಈ ಜೋಡಿ ಗುಳಿಗೆಗಳಿಗೆ ಸಲ್ಲದು, ಜೊತೆಯಲ್ಲಿರುವ ಎರಡನೇ ಹೆಸರನ್ನು ನೋಡಬೇಕು. ಹಳ್ಳಿಗಳಲ್ಲಿ "ನೋವಿನ ಸೂಜಿ" ಎಂದು ಚುಚ್ಚುವುದು ಅನೇಕ ಸಲ ಡೈಕ್ಲೋಫೆನಾಕ್. ಸೂಜಿ ಹಾಕಿಸಿಕೊಳ್ಳುವ ಮುನ್ನ ಅದರ ಹೆಸರು ಕೇಳುವುದು ಬಸುರಿಯ ಹಕ್ಕು. ಹೆಸರು ಹೇಳಲಾರದವರಿಂದ ಸೂಜಿ ಹಾಕಿಸಿಕೊಳ್ಳದಿರುವುದೇ ಕ್ಷೇಮ. ನೋವಿನ ಜೆಲ್ ಹಚ್ಚಿದರೂ ಅದರ ಔಷಧ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಡೈಕ್ಲೋಫೆನಾಕ್ ಜೆಲ್ಲನ್ನು ಕೊನೆಯ ತಿಂಗಳುಗಳಲ್ಲಿ ಕೇಳದೆ ಹಚ್ಚಬಾರದು.

ಆಸ್ಪಿರಿನ್ ವಿಷಯದಲ್ಲಿ ಗೊಂದಲ ಹೆಚ್ಚು. ಗರ್ಭಿಣಿಯ ರಕ್ತದೊತ್ತಡ ಏರುವ ಸಂಭವ ಇದ್ದರೆ ವೈದ್ಯರೇ 75 ಅಥವಾ 150 ಮಿಲಿಗ್ರಾಂ ಆಸ್ಪಿರಿನ್ನನ್ನು ದಿನಾ ಬರೆದುಕೊಡುತ್ತಾರೆ. ಅದು ಸಣ್ಣ ಪ್ರಮಾಣ, ಕಾರಣವಿದ್ದು ಕೊಟ್ಟದ್ದು, ತಾನಾಗಿ ನಿಲ್ಲಿಸಬಾರದು. ತಲೆನೋವಿಗೆ ನೀರಿನಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್ ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಅದು ಬೇಡ.

ಹಾಗಾದರೆ ಉಳಿದದ್ದು? ಪ್ಯಾರಾಸಿಟಮಾಲ್ ಒಂದೇ ಇರುವ ಗುಳಿಗೆ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ, ಜನೌಷಧಿ ಅಂಗಡಿಯಲ್ಲಿ ಅಗ್ಗ. 500 ಅಥವಾ 650 ಮಿಲಿಗ್ರಾಂನದು ಒಂದು, ಮತ್ತೆ ಬೇಕಾದರೆ ಕನಿಷ್ಠ ನಾಲ್ಕರಿಂದ ಆರು ತಾಸು ಬಿಟ್ಟು. ದಿನಕ್ಕೆ 4 ಗ್ರಾಂ ದಾಟಬಾರದು ಎಂಬುದು ಮೇಲ್ಮಿತಿ, ಅದಕ್ಕಿಂತ ಕೆಳಗೇ ನಿಲ್ಲುವುದು ಒಳ್ಳೆಯದು. 50 ಕಿಲೋಗಿಂತ ಕಡಿಮೆ ತೂಕದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುವುದರಿಂದ ಎರಡನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ನೋವು ಇಳಿಯದಿದ್ದರೆ ಗುಳಿಗೆ ಮುಂದುವರಿಸುವ ಬದಲು ತೋರಿಸಬೇಕು.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಗರ್ಭಿಣಿಯರು ಪ್ಯಾರಾಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರಬಹುದು ಎಂದ ಮಾತು ವಾಟ್ಸಾಪಿನಲ್ಲಿ ಹಳ್ಳಿಹಳ್ಳಿಗೂ ಬಂತು. ಹಾಗೆ ಹೇಳಲು ಖಚಿತ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ತಿಳಿಸಿತು. ಸ್ವೀಡನ್ನಿನಲ್ಲಿ 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ಈ ಹೆದರಿಕೆಯಿಂದ ಜ್ವರ ಬಂದ ಬಸುರಿ ಗುಳಿಗೆ ಬಿಟ್ಟು ಜ್ವರ ಸುಡಲು ಬಿಡುವುದು, ಅಥವಾ ಪ್ಯಾರಾಸಿಟಮಾಲ್ ಬೇಡವೆಂದು ಐಬುಪ್ರೊಫೆನ್‌ಗೆ ಹೋಗುವುದು ನಿಜವಾದ ಅಪಾಯ.

ಇನ್ನು ಗಟ್ಟಿ ಔಷಧಗಳು. ಟ್ರಮಡಾಲ್, ಕೋಡೀನ್, ಟಪೆಂಟಡಾಲ್, ಪೆಂಟಜೋಸಿನ್ ಅಫೀಮಿನ ಹಾಗೆ ಕೆಲಸ ಮಾಡುವ ನೋವುನಿವಾರಕಗಳು. ಟ್ರಮಡಾಲ್ 2018ರ ಏಪ್ರಿಲಿನಿಂದ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಪಟ್ಟಿಯ ಮೇಲೆ ಕೆಂಪಕ್ಷರದ ಗುರುತು, ಎಚ್ಚರಿಕೆಯ ಚೌಕಟ್ಟು ಇದ್ದರೆ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ ಎಂದು ತಿಳಿಯಬೇಕು. ಅಲ್ಟ್ರಾಸೆಟ್ ಎಂಬ ಹೆಸರಿನದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಜೋಡಿ. ಮೂತ್ರಪಿಂಡದ ಕಲ್ಲು, ಮೂಳೆ ಮುರಿತ, ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ವೈದ್ಯರು ಗರ್ಭಿಣಿಗೂ ಈ ಜಾತಿಯ ಔಷಧವನ್ನು ಕೆಲವು ದಿನ ಕೊಡುವುದುಂಟು. ವಾರಗಟ್ಟಲೆ ನುಂಗಿದರೆ ಮಾತ್ರ ಮಗುವಿನ ದೇಹವೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹುಟ್ಟಿದ ಒಂದೆರಡು ದಿನದಲ್ಲಿ ಮಗು ಕೀರಲು ದನಿಯಲ್ಲಿ ಅಳುವುದು, ನಡುಗುವುದು, ಹಾಲು ಕುಡಿಯದಿರುವುದು ಶುರುವಾಗಬಹುದು. ಮುಂಚೆಯೇ ಗೊತ್ತಿದ್ದರೆ ಇದಕ್ಕೆ ಚಿಕಿತ್ಸೆ ಇದೆ, ಮಗು ಚೇತರಿಸಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಸೋಂಕು ಎಂದುಕೊಂಡು ಬೇರೇನೋ ಹುಡುಕುತ್ತ ಹೊತ್ತು ಕಳೆಯುತ್ತದೆ.

ಗುಳಿಗೆ ನುಂಗಿ ಮಲಗಬಾರದ ನೋವುಗಳೂ ಇವೆ. ತಲೆ ಸಿಡಿಯುವಂತೆ ನೋಯುತ್ತಿದ್ದು ಕಣ್ಣು ಮಂಜಾದರೆ, ಬಲಪಕ್ಕೆಯ ಕೆಳಗೆ ನೋವಿದ್ದರೆ, ಮುಖ ಕೈ ಏಕಾಏಕಿ ಊದಿಕೊಂಡರೆ ಅದು ರಕ್ತದೊತ್ತಡದ ಸೂಚನೆ. 140/90 ಮುಟ್ಟಿದ್ದರೆ ಕಾಯುವಂತಿಲ್ಲ. ಉರಿಮೂತ್ರದ ಜೊತೆ ನಡುಕ, ಬೆನ್ನುನೋವು ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತಾಗಿರಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಬಿಡದೆ ನೋಯುವುದು, ರಕ್ತ ಕಾಣಿಸುವುದು, ನೀರು ಹೋಗುವುದು, ಮಗುವಿನ ಹೊರಳಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ ಹೊರಡಬೇಕು. ತಾಲ್ಲೂಕು ಆಸ್ಪತ್ರೆ ಹುಮನಾಬಾದಿನಲ್ಲೂ ಬಸವಕಲ್ಯಾಣದಲ್ಲೂ ಇದೆ, ಅಲ್ಲಿಂದ ಮುಂದೆ ಬೀದರಿನ ಬ್ರಿಮ್ಸ್.

ಸಾಮಾನ್ಯ ನಡನೋವಿಗೆ ಗುಳಿಗೆಗಿಂತ ಮುಂಚೆ ಮಾಡಬಹುದಾದ್ದು ಬಹಳ. ಎಡ ಮಗ್ಗುಲಿಗೆ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುವುದು, ಬೆನ್ನಿಗೆ ಹದ ಬಿಸಿಯ ಶಾಖ, ಹೊಟ್ಟೆಯ ಕೆಳಗೆ ಆಧಾರದ ಪಟ್ಟಿ, ಒಲೆಯ ಕೆಲಸವನ್ನು ಕಟ್ಟೆಯ ಎತ್ತರಕ್ಕೆ ತರುವುದು. ಕೊಡ ಹೊರುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಅದೂ ನೋವಿನ ಮದ್ದೇ.

ಬಾಟಲಿಯಲ್ಲಿ ಕೊಟ್ಟ ಮೂತ್ರದಲ್ಲಿ ಏನು ನೋಡುತ್ತಾರೆ?

ತಪಾಸಣೆಗೆ ಹೋದಾಗಲೆಲ್ಲ ಮೂತ್ರ ಕೇಳುತ್ತಾರೆ. ನುಂಗಿದ ಗುಳಿಗೆ ಅದರಲ್ಲಿ ಗೊತ್ತಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅಲ್ಲಿ ನೋಡುವುದು ಪ್ರೋಟೀನು, ಸಕ್ಕರೆ, ಸೋಂಕು. ರಕ್ತದಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ. ತಾಯಿ ಕಾರ್ಡಿನಲ್ಲಿ ಬರೆಯುವ ವಾಡಿಕೆಯ ಪರೀಕ್ಷೆಗಳಲ್ಲಿ ಮಾದಕ ವಸ್ತುವಿನ ಪರೀಕ್ಷೆ ಸೇರಿಲ್ಲ. ಎಚ್‌ಐವಿ ಪರೀಕ್ಷೆಗೂ 2017ರ ಕಾಯ್ದೆಯಂತೆ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ನಡೆಯುವ ಉಚಿತ ತಪಾಸಣೆಯ ದಿನ, ನುಂಗಿದ ಗುಳಿಗೆಗಳ ಪಟ್ಟಿಯನ್ನು ಧೈರ್ಯವಾಗಿ ಮೇಜಿನ ಮೇಲಿಡಬಹುದು.

ಪರೀಕ್ಷೆಯ ಹೆದರಿಕೆಗೆ ನಿಜವಾದ ಕಾರಣವಿರುವುದು ಬೇರೆ ದೇಶಗಳಲ್ಲಿ. ಬೀದರ್ ಜಿಲ್ಲೆಯ ಹುಡುಗರು ಹೈದರಾಬಾದು, ಪುಣೆ ದಾಟಿ ಅಮೆರಿಕಕ್ಕೂ ಕೊಲ್ಲಿ ದೇಶಗಳಿಗೂ ಹೋಗಿ ನೆಲೆಸಿದ್ದಾರೆ, ಅವರ ಹೆಂಡಂದಿರ ಹೆರಿಗೆ ಅಲ್ಲೇ ಆಗುತ್ತದೆ. ಅಮೆರಿಕದ ಅನೇಕ ಆಸ್ಪತ್ರೆಗಳು ಹೆರಿಗೆಗೆ ಬಂದವರ ಮೂತ್ರದಲ್ಲಿ ಮಾದಕ ವಸ್ತು ಹುಡುಕುತ್ತವೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸರ್ಕಾರಿ ಆಸ್ಪತ್ರೆಯೊಂದು ಗರ್ಭಿಣಿಯರ ಮೂತ್ರ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಕೊಡುತ್ತಿತ್ತು. ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು. ಆದರೂ ಫಲಿತಾಂಶ ಮಕ್ಕಳ ರಕ್ಷಣಾ ಇಲಾಖೆಗೆ ಹೋಗುವುದು ಹಲವು ರಾಜ್ಯಗಳಲ್ಲಿ ಇದ್ದೇ ಇದೆ.

ಕನ್ನಡ ಮನೆಗಳಿಗೆ ಇಲ್ಲಿ ವಿಶೇಷವಾಗಿ ತಿಳಿಯಬೇಕಾದ ಸಂಗತಿ ಗಸಗಸೆಯದು. ಮಗಳ ಬಾಣಂತನಕ್ಕೆ ವಿಮಾನ ಹತ್ತುವ ತಾಯಿಯ ಚೀಲದಲ್ಲಿ ಅಂಟಿನುಂಡಿ ಇಲ್ಲದಿರುವುದು ಅಪರೂಪ, ಅದರಲ್ಲಿ ಖೊಬ್ಬರಿ, ಉತ್ತತ್ತಿಯ ಜೊತೆ ಗಸಗಸೆ ಬೀಳುತ್ತದೆ. ಹಬ್ಬಕ್ಕೆ ಗಸಗಸೆ ಪಾಯಸ, ಪಲ್ಯದ ಮಸಾಲೆಗೂ ಅದೇ. ಗಸಗಸೆ ಅಫೀಮಿನ ಗಿಡದ ಬೀಜ. ತಿಂದರೆ ನಶೆ ಏರುವುದಿಲ್ಲ, ಆದರೆ ಬೀಜಕ್ಕೆ ಅಂಟಿದ ಮಾರ್ಫಿನ್‌ನ ಅಂಶ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಪೆನ್ಸಿಲ್ವೇನಿಯಾದಲ್ಲಿ 2010ರಲ್ಲಿ ಗಸಗಸೆ ಉದುರಿಸಿದ ಬಾಗಲ್ ತಿಂದು ಹೆರಿಗೆಗೆ ಹೋದ ತಾಯಿಯೊಬ್ಬಳ ಮೂರು ದಿನದ ಕೂಸನ್ನು ಅಧಿಕಾರಿಗಳು ಒಯ್ದರು. ಕೂಸು ಮರಳಿತು, ಮುಂದೆ ಆಕೆಗೆ ಪರಿಹಾರವೂ ದೊರೆಯಿತು. ಅಮೆರಿಕದ ಕೇಂದ್ರ ಸರ್ಕಾರ ತನ್ನ ನೌಕರರ ಪರೀಕ್ಷೆಯಲ್ಲಿ ಈ ಕಾರಣಕ್ಕೇ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತ್ತು. ಅನೇಕ ಆಸ್ಪತ್ರೆಗಳು ಇನ್ನೂ ಹಳೆಯ 300ರಲ್ಲೇ ಇವೆ. ಕೊನೆಯ ವಾರಗಳಲ್ಲಿ ಗಸಗಸೆ ಬಿಟ್ಟು ಉಂಡಿ ಕಟ್ಟುವುದು ಸುಲಭದ ಪರಿಹಾರ. ಕೊಲ್ಲಿಗೆ, ಸಿಂಗಪುರಕ್ಕೆ ಹೋಗುವವರ ಚೀಲದಲ್ಲಂತೂ ಗಸಗಸೆ ಇರಲೇಕೂಡದು: ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಸಿಂಗಪುರದಲ್ಲೂ ಅದು ನಿಷಿದ್ಧ.

ಮೊದಲ ಹಂತದ ಮೂತ್ರ ಪರೀಕ್ಷೆ ಔಷಧಗಳನ್ನೂ ತಪ್ಪಾಗಿ ಗುರುತಿಸುತ್ತದೆ. ಗರ್ಭಿಣಿಯ ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್, ಎದೆಯುರಿಯ ರಾನಿಟಿಡಿನ್, ವಾಂತಿಯ ಪ್ರೊಮೆಥಜಿನ್ ಆಂಫೆಟಮೈನ್ ಎಂಬ ಮಾದಕದಂತೆ ತೋರಬಹುದು. ಆಸ್ಪತ್ರೆಯೇ ಹೆರಿಗೆ ನೋವಿಗೆ ಬೆನ್ನಿಗೆ ಕೊಟ್ಟ ಫೆಂಟನಿಲ್ ಪರೀಕ್ಷೆಯಲ್ಲಿ ಕಂಡು ತಾಯಂದಿರು ತನಿಖೆ ಎದುರಿಸಿದ ಪ್ರಕರಣಗಳನ್ನು ಅಮೆರಿಕದ ಮಾರ್ಷಲ್ ಪ್ರಾಜೆಕ್ಟ್ ಪತ್ರಕರ್ತರು 2024ರಲ್ಲಿ ಬೆಳಕಿಗೆ ತಂದರು. ಪ್ಯಾರಾಸಿಟಮಾಲ್ ಇಂಥ ಪರೀಕ್ಷೆ ಹುಡುಕುವ ವಸ್ತುವೇ ಅಲ್ಲ. ಆದ್ದರಿಂದ ಅಲ್ಲಿರುವ ಮಗಳು ಮಾಡಬೇಕಾದ್ದು ಇಷ್ಟು: ಊರಿನಿಂದ ಒಯ್ದ ಗುಳಿಗೆಯೂ ಸೇರಿ ನುಂಗುವ ಎಲ್ಲದರ ಹೆಸರು ಮುಂಚೆಯೇ ದಾಖಲೆಗೆ ಬರೆಸುವುದು, ಯಾವ ಪರೀಕ್ಷೆ ಯಾಕೆ ಎಂದು ಕೇಳುವುದು, ಒಪ್ಪಿಗೆಯ ಕಾಗದ ಓದಿ ಸಹಿ ಮಾಡುವುದು, ಫಲಿತಾಂಶ ವ್ಯತಿರಿಕ್ತವಾದರೆ ಮಾಸ್ ಸ್ಪೆಕ್ಟ್ರೋಮೆಟ್ರಿಯ ಖಚಿತ ಪರೀಕ್ಷೆ ಬೇಕೆಂದು ಬರವಣಿಗೆಯಲ್ಲಿ ಕೇಳುವುದು.

ಚಟವಾಗಿದ್ದರೆ

ಮುರಿತಕ್ಕೋ ಬೆನ್ನಿಗೋ ಎಂದು ಶುರುವಾದ ಟ್ರಮಡಾಲ್ ಬಿಡಲಾಗದೆ ಉಳಿದಿರುವ ಹೆಂಗಸರೂ ಇದ್ದಾರೆ. ಬಸುರಾದದ್ದು ತಿಳಿದ ದಿನ ಹೆದರಿ ಒಮ್ಮೆಲೇ ನಿಲ್ಲಿಸುವುದೇ ಅವರು ಮಾಡಬಾರದ ಕೆಲಸ. ದಿಢೀರನೆ ಬಿಟ್ಟಾಗ ತಾಯಿಗೆ ಬರುವ ನಡುಕ, ವಾಂತಿ, ಭೇದಿಯಿಂದ ಮಗುವಿಗೂ ಸಂಕಟ, ಅವಧಿಗೆ ಮುಂಚೆ ನೋವು ಬರುವ ಸಂಭವವೂ ಉಂಟು. ವೈದ್ಯರ ಕೈಯಲ್ಲಿ ಪ್ರಮಾಣ ಇಳಿಸುತ್ತ ಬರಬಹುದು, ಇಲ್ಲವೇ ಬುಪ್ರೆನಾರ್ಫಿನ್‌ನಂಥ ಬದಲಿ ಔಷಧಕ್ಕೆ ಹೊಂದಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ವಿಭಾಗವಿದೆ. ಟೆಲಿ-ಮಾನಸ್ 14416, ವ್ಯಸನಮುಕ್ತಿಗೆ 14446, ಆರೋಗ್ಯ ಸಹಾಯವಾಣಿ 104, ಎಲ್ಲವೂ ಉಚಿತ. ಪೊಲೀಸರ ಭಯವಿದ್ದವರಿಗೆ ಒಂದು ಮಾತು: 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ನುಂಗಿದ್ದರ ಹೆಸರು ತಿಳಿಯಲಿ ಎಂಬುದಷ್ಟೇ ಅಲ್ಲ, ಔಷಧದ ಬಿಲ್ಲು ಮತ್ತು ಪಟ್ಟಿ ಎತ್ತಿಡುವುದಕ್ಕೆ ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಿತ್ತು, ಸರ್ಕಾರ ಅದರ ಬಳಕೆ ತಡೆಹಿಡಿಯಿತು. ಅಂಥ ಸಂದರ್ಭದಲ್ಲಿ ತನಿಖೆ ಹಿಡಿದು ಸಾಗುವುದು ಬ್ಯಾಚ್ ಸಂಖ್ಯೆಯ ಜಾಡನ್ನೇ. ಪಟ್ಟಿಯಲ್ಲಿ ಆ ಸಂಖ್ಯೆ ಇರುತ್ತದೆ, ಕಾಗದದ ಪುಡಿಕೆಯಲ್ಲಿ ಇರುವುದಿಲ್ಲ.

ಹೆರಿಗೆಯಾದ ಮೇಲೆ ಲೆಕ್ಕ ಬದಲಾಗುತ್ತದೆ. ಗರ್ಭದಲ್ಲಿ ಬೇಡವಾಗಿದ್ದ ಐಬುಪ್ರೊಫೆನ್ ಎದೆಹಾಲಿಗೆ ಹೋಗುವುದು ಅತ್ಯಲ್ಪ, ಹೊಲಿಗೆಯ ನೋವಿಗೆ ವೈದ್ಯರು ಅದನ್ನು ಪ್ಯಾರಾಸಿಟಮಾಲ್ ಜೊತೆ ಕೊಡಬಹುದು. ಟ್ರಮಡಾಲ್, ಕೋಡೀನ್ ಮಾತ್ರ ಹಾಲುಣಿಸುವ ತಾಯಿಗೆ ಬೇಡ ಎಂದು ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ, ಮಗು ಮಂಕಾಗಿ ಉಸಿರು ಕುಗ್ಗುವ ಅಪಾಯ ಅದರಲ್ಲಿದೆ. ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕೆಂದು ನಿಯಮವಿದೆ. ಮೂರನೇ ದಿನ ಬಂದಾಗಲೇ ಬಾಣಂತಿ ನುಂಗುತ್ತಿರುವ ಗುಳಿಗೆಯ ಪಟ್ಟಿ ತೋರಿಸಿ, ಕೂಸು ಎಬ್ಬಿಸಿದರೂ ಹಾಲಿಗೆ ಏಳುತ್ತಿಲ್ಲವೆಂದಾದರೆ ಅದನ್ನು ಮೊದಲು ಹೇಳಬೇಕು.